ಹದಿನೇಳನೇ ಪೆಟ್ಟಿಗೆ

ಭಾವ ತೀರಿಕೊಂಡ ವಾರಕ್ಕೆ ಕಚೇರಿಯವರು ಸಣ್ಣದೊಂದು ಸಭೆ ಮಾಡಿದರು. ಮಾತಾಡಿದವರೆಲ್ಲ ಹೇಳಿದ್ದು ಒಂದೇ: ಮೂವತ್ತೊಂದು ವರ್ಷದ ಕೆಲಸದಲ್ಲಿ ಒಂದೇ ಒಂದು ತಪ್ಪು ಮಾಡದ ಮನುಷ್ಯ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡೆ. ಭಾವ ಒಂದು ತಪ್ಪು ಮಾಡಿದ್ದರು. ಅದನ್ನು ಒಪ್ಪಿಕೊಳ್ಳಲು ಹೊರಟಾಗ ಅಡ್ಡ ನಿಂತವಳು ನಾನು. ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳುವ ಎದೆ ನನಗೆ ಅಂದು ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಭೂವಿಜ್ಞಾನ ಕಚೇರಿಯ ಹಿಂದಿದ್ದ ಕಲ್ಲಿನ ಶೆಡ್ಡು ಅವರ ಉಸ್ತುವಾರಿಯಲ್ಲಿತ್ತು. ನಾನು ಅದೇ ಕಚೇರಿಯಲ್ಲಿ ಟೈಪಿಸ್ಟ್. ಅಪ್ಪ ಹೋದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದವಳು ಅಲ್ಲೇ ಬೇರುಬಿಟ್ಟೆ. ಕೆಲಸ ಕೊಡಿಸಿದ್ದೂ ಭಾವನೇ. ನನ್ನ ಬಾಯಿ ಸ್ವಲ್ಪ ಜೋರು, ಅದು ನನಗೂ ಗೊತ್ತು. ಮದುವೆ ಗಿದುವೆ ಆಗಲಿಲ್ಲ, ಆಗಲಿಲ್ಲವೆಂದು ಅತ್ತವಳೂ ಅಲ್ಲ. ಆ ಮನೆಯಲ್ಲಿ ಮಾತೆಲ್ಲ ನನ್ನದು, ನಗು ಅಕ್ಕನದು, ಕೇಳಿಸಿಕೊಳ್ಳುವ ಕೆಲಸ ಭಾವನವರದು.

ಶೆಡ್ಡು ಎಂದರೆ ತಗಡು ಹೊದಿಸಿದ ಉದ್ದನೆಯ ಕಟ್ಟಡ. ಎರಡೂ ಕಡೆ ತಲೆಗಿಂತ ಎತ್ತರದ ಕಬ್ಬಿಣದ ರ‍್ಯಾಕುಗಳು, ಅವುಗಳಲ್ಲಿ ಸಾಲುಸಾಲು ಮರದ ಪೆಟ್ಟಿಗೆಗಳು. ಎಲ್ಲೆಲ್ಲೋ ಯಂತ್ರ ನಿಲ್ಲಿಸಿ ನೆಲ ಕೊರೆದು, ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕೋಲುಗಳನ್ನು ಮೇಲೆತ್ತಿ ತರುತ್ತಿದ್ದರು. ಒಂದೊಂದು ಪೆಟ್ಟಿಗೆಯಲ್ಲಿ ಐದು ಸಾಲು, ಒಂದೊಂದು ಸಾಲು ಒಂದು ಮೀಟರು. ಪುಸ್ತಕದ ಪುಟ ಓದುವ ಹಾಗೆ ಎಡಗಡೆಯ ಮೇಲಿನ ಮೂಲೆಯಿಂದ ಶುರು. ಅಲ್ಲಿರುವುದು ನೆಲಕ್ಕೆ ಹತ್ತಿರದ ಕಲ್ಲು, ಬಲಗಡೆಯ ಕೆಳಗಿನ ಮೂಲೆಯದು ಆಳದ್ದು. ಆಳದ್ದು ಹಳೆಯದು, ಮೇಲಿನದು ಹೊಸದು. ಇಡೀ ಕಚೇರಿಯ ವಿದ್ಯೆ ನಿಂತಿದ್ದು ಇಷ್ಟರ ಮೇಲೆ.

ಕೋಲು ತುಂಡಾಗಿಯೇ ಬರುವುದು. ತುಂಡು ಕೈಗೆ ಬಂದ ಕೂಡಲೇ ಭಾವ ಅದರ ಮೈಮೇಲೆ ಉದ್ದಕ್ಕೂ ಎರಡು ಗೆರೆ ಎಳೆಯಬೇಕು, ಒಂದು ಕೆಂಪು, ಒಂದು ಕಪ್ಪು. ತುಂಡನ್ನು ಅದರ ಮೇಲ್ತುದಿ ಮೇಲಕ್ಕೆ ಬರುವಂತೆ ಹಿಡಿದರೆ ಕೆಂಪು ಬಲಕ್ಕೆ ಬರಬೇಕು, ಕಪ್ಪು ಎಡಕ್ಕೆ. ಅದನ್ನು ನೋಡಿ ಯಾವ ವಿಜ್ಞಾನಿಯಾದರೂ ಕಲ್ಲಿನ ತಲೆ ಯಾವುದು, ಕಾಲು ಯಾವುದು ಎಂದು ಹೇಳಬಹುದು. ಎಲ್ಲಾದರೂ ಅನುಮಾನ ಬಂದರೆ ಗೆರೆ ಎಳೆಯುವ ಹಾಗಿಲ್ಲ. ಹಳದಿ ಸೀಮೆಸುಣ್ಣದಲ್ಲಿ ಒಂದು ಅಡ್ಡಗುರುತು ಹಾಕಿಬಿಡಬೇಕು. ಅದರ ಅರ್ಥ, ಈ ತುಂಡಿನ ದಿಕ್ಕು ಗೊತ್ತಿಲ್ಲ, ಇದನ್ನು ನಂಬಬೇಡಿ ಎಂದು. ಹೊಸದಾಗಿ ಶೆಡ್ಡಿಗೆ ಬಂದ ಎಲ್ಲರಿಗೂ ಭಾವ ಮೊದಲು ಹೇಳಿಕೊಡುತ್ತಿದ್ದ ಪಾಠ ಅದೇ. ಆದರೆ ಅವರು ಸ್ವತಃ ಹಳದಿ ಗುರುತು ಹಾಕಿದ್ದನ್ನು ನೋಡಿದವರು ಕಡಿಮೆ. ಮುರಿದ ಅಂಚಿಗೆ ಅಂಚು ಹೊಂದಿಸಿ, ಬೆರಳಲ್ಲಿ ಸವರಿ, ಎಂಥ ತುಂಡಿನ ದಿಕ್ಕನ್ನಾದರೂ ಪತ್ತೆ ಹಚ್ಚಿಬಿಡುತ್ತಿದ್ದರು. ಅದಕ್ಕೇ ಕಚೇರಿಯಲ್ಲಿ ಅವರಿಗೆ ಗೆರೆಯಪ್ಪ ಎಂಬ ಹೆಸರು ಬಿದ್ದಿತ್ತು. ಹಾಗೆ ಕರೆದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಒಳಗೊಳಗೇ ಖುಷಿ ಪಡುತ್ತಿದ್ದರು ಎಂದೇ ನನ್ನ ಗುಮಾನಿ.

ಮನೆಯಲ್ಲೂ ಅದೇ ಬುದ್ಧಿ. ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯ ಅಟ್ಟಿಯನ್ನು ಅಕ್ಕ ಕಲಸಿಬಿಟ್ಟರೆ ಅವರಿಗೆ ತಡೆಯುತ್ತಿರಲಿಲ್ಲ. ತಳದಲ್ಲಿರುವುದು ಹೋದ ವಾರ ಒಗೆದದ್ದು, ಮೇಲಿರುವುದು ನಿನ್ನೆಯದು, ಹಾಗೇ ಇರಬೇಕು. ಯಾರೋ ಬಂದು ನಡುವಿನದನ್ನು ಎಳೆದುಬಿಟ್ಟರೆ ಇತಿಹಾಸವೇ ಹಾಳು ಎನ್ನುತ್ತಿದ್ದರು. ಇತಿಹಾಸ ಹಾಳಾದರೆ ಆಗಲಿ, ನನಗೆ ಬೇಕಾದ ಟವೆಲ್ಲು ನಡುವೆ ಇದೆ ಎಂದು ಅಕ್ಕ ಎಳೆದೇ ಬಿಡುತ್ತಿದ್ದಳು.

ಭೂಮಿಯ ಕಾಲವನ್ನು ಹೇಗೆ ಪಾಲು ಮಾಡುತ್ತಾರೆಂದು ನನಗೆ ತಿಳಿಸಿಕೊಟ್ಟವರೂ ಭಾವನೇ. ಕಚೇರಿಯ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳ ದೊಡ್ಡ ನಕ್ಷೆ ಇತ್ತು. ಜುರಾಸಿಕ್ ನೀಲಿ, ಕ್ರಿಟೇಷಿಯಸ್ ಹಸಿರು, ಹೀಗೆ. ಕಲ್ಪದೊಳಗೆ ಯುಗ, ಯುಗದೊಳಗೆ ಅವಧಿ, ಅವಧಿಯೊಳಗೆ ಇನ್ನೂ ಚಿಕ್ಕ ಪಾಲುಗಳು. ಟೈಪ್ ಮಾಡಿ ಮಾಡಿ ಆ ಹೆಸರುಗಳೆಲ್ಲ ನನ್ನ ಬೆರಳಿಗೆ ಬಂದಿದ್ದವು, ನಾಲಿಗೆಗೆ ಕೊನೆಗೂ ಬರಲಿಲ್ಲ. ಒಂದು ಪಾಲಿಗೆ ಇಪ್ಪತ್ತು ಲಕ್ಷ ವರ್ಷ, ಪಕ್ಕದ್ದಕ್ಕೆ ಎರಡು ಕೋಟಿ. ಇದೆಂಥಾ ಪಾಲು, ಮಕ್ಕಳಿಗೆ ಹೀಗೆ ಹಂಚಿದರೆ ಕಿತ್ತಾಡಿಕೊಂಡು ಸಾಯುತ್ತವೆ ಎಂದು ನಾನು ಆಡಿಕೊಂಡೆ.

ಭಾವ ಟೀ ಲೋಟ ಕೆಳಗಿಟ್ಟು ಹೇಳಿದರು: “ನಿನ್ನ ಜೀವನಾನ ನೀನು ಹತ್ತತ್ತು ವರ್ಷಕ್ಕೊಂದು ಗುರುತು ಹಾಕ್ಕೊಂಡು ನೆನಪಿಟ್ಟಿದೀಯೇನಮ್ಮ? ಅಪ್ಪ ಹೋಗೋಕೆ ಮುಂಚೆ, ಅಪ್ಪ ಹೋದ ಮೇಲೆ, ಕೆಲಸ ಸಿಕ್ಕಿದ ಮೇಲೆ, ಅಂತ ತಾನೆ? ಅವರೂ ಹಾಗೇ. ಏನೋ ಒಂದು ಬದಲಾದ ಜಾಗದಲ್ಲಿ ಗೆರೆ ಎಳೀತಾರೆ.”

ಬದಲಾವಣೆ ಎಂದರೆ ಹೆಚ್ಚಾಗಿ ಒಂದು ಜೀವಿ. ಅದುವರೆಗೆ ಎಲ್ಲೂ ಇಲ್ಲದ ಒಂದು ಚಿಪ್ಪು ಕಲ್ಲಿನ ಪದರದಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವ ಜಾಗ ಹೊಸ ಪಾಲಿನ ಆರಂಭ. ಅದಕ್ಕಿಂತ ಕೆಳಗಿನದೆಲ್ಲ ಹಿಂದಿನ ಪಾಲಿಗೆ ಸೇರಿದ್ದು. ಆರಂಭಕ್ಕೆ ಮಾತ್ರ ಗುರುತು ಮಾಡುತ್ತಾರಂತೆ, ಕೊನೆಗೆ ಮಾಡುವುದಿಲ್ಲವಂತೆ; ಮುಂದಿನದು ಶುರುವಾದರೆ ಹಿಂದಿನದು ಮುಗಿಯಿತೆಂದೇ ಲೆಕ್ಕ. ಇಂಥ ಒಂದೊಂದು ಗಡಿಗೂ ಇಡೀ ಪ್ರಪಂಚದಲ್ಲಿ ಒಂದೇ ಜಾಗವನ್ನು ಆರಿಸಿ, ಅಲ್ಲಿನ ಬಂಡೆಯಲ್ಲಿ ಆ ಪದರದ ಮೇಲೆ ಲೋಹದ ಮೊಳೆ ಹೊಡೆಯುತ್ತಾರೆ. ಆಮೇಲೆ ಯಾವ ದೇಶದವರೇ ಆಗಲಿ, ತಮ್ಮ ಕಲ್ಲಿನ ವಯಸ್ಸು ಹೇಳಬೇಕಾದರೆ ಆ ಮೊಳೆಯ ಜೊತೆ ಹೋಲಿಸಿ ಹೇಳಬೇಕು. ಜಾಗ ಆರಿಸಲು ಹಲವು ದೇಶದ ವಿಜ್ಞಾನಿಗಳ ಸಮಿತಿ ಇದೆ, ಮತ ಹಾಕುತ್ತಾರೆ.

ಹಸಿರು ಪಟ್ಟಿಯೊಳಗಿನ ಎರಡು ಚಿಕ್ಕ ಪಾಲುಗಳ ನಡುವಿನ ಗಡಿಗೆ ಇನ್ನೂ ಮೊಳೆ ಬಿದ್ದಿರಲಿಲ್ಲ. ಊರಾಚೆಯ ಕೊರಕಲಿನಲ್ಲಿ ಅದು ಬೀಳಬೇಕು ಎಂಬುದು ನಮ್ಮ ಮೇಡಂ ಅವರ ಹಂಬಲ. ಮೇಡಂ ಚಿಪ್ಪುಗಳ ತಜ್ಞೆ. ಸಾಸಿವೆ ಕಾಳಿನಷ್ಟು ಚಿಪ್ಪಿನ ಹಿಂದೆ ಹದಿನಾಲ್ಕು ವರ್ಷ ಬಿದ್ದಿದ್ದವರು. ಬಿಸಿಲಿಗೆ ಮುಖ ಸುಟ್ಟುಕೊಂಡು, ಮೊಣಕಾಲು ತರಚಿಕೊಂಡು ಆ ಕೊರಕಲನ್ನು ಅಂಗುಲ ಅಂಗುಲ ಅಳೆದಿದ್ದರು. ಬೇರೊಂದು ದೇಶದ ಒಂದು ಜಾಗ ಮಾತ್ರ ಪೈಪೋಟಿಯಲ್ಲಿತ್ತು. ನಮ್ಮಲ್ಲಿ ಪದರಗಳು ಕಲಸಿಹೋಗದೆ ಒಂದರ ಮೇಲೊಂದು ಸರಿಯಾಗಿ ಕೂತಿವೆ ಎಂದು ತೋರಿಸಲು ಕೊರಕಲಿನ ಹಿಂದೆಯೇ ನೆಲ ಕೊರೆಸಿದರು. ಆ ಕೋಲುಗಳು ಶೆಡ್ಡಿಗೆ ಬಂದವು. ಗಡಿ ಇರಬೇಕಾದದ್ದು ಎಂಬತ್ತೆರಡು ಮೀಟರಿನ ಆಸುಪಾಸಿನಲ್ಲಿ, ಹದಿನೇಳನೇ ಪೆಟ್ಟಿಗೆಯಲ್ಲಿ.

ಆಮೇಲೆ ನಡೆದದ್ದನ್ನು ನಾನು ತಿಂಗಳುಗಳ ಬಳಿಕ ತಿಳಿದೆ. ಆದರೂ ಕ್ರಮವಾಗಿಯೇ ಹೇಳುತ್ತೇನೆ. ಬೂದು ಬಣ್ಣದ ಮೆತ್ತನೆಯ ಕಲ್ಲು ಅದು. ಒದ್ದೆ ಮಾಡಿದರೆ ಪದರ ಚೆನ್ನಾಗಿ ಕಾಣುತ್ತದೆಂದು ಭಾವ ಹಿಂದಿನ ದಿನ ಬಟ್ಟೆ ಅದ್ದಿ ಒರೆಸಿ ಮೇಡಂಗೆ ತೋರಿಸಿದ್ದರು. ಅಲ್ಲಲ್ಲಿ ಗೆರೆ ಅಳಿಸಿತ್ತು. ಒಣಗಲಿ, ನಾಳೆ ಎಳೆದರಾಯಿತು ಎಂದು ಬಿಟ್ಟರು. ಮರುದಿನ ಬೆಳಿಗ್ಗೆ ಹೊರಗಿನಿಂದ ವಿಜ್ಞಾನಿಗಳು ಬರುವವರಿದ್ದರು. ಇಬ್ಬರು ಹಿಡಿದು ಇಳಿಸಬೇಕಾದ ಪೆಟ್ಟಿಗೆಯನ್ನು ಇವರೊಬ್ಬರೇ ಇಳಿಸಲು ಹೋದರು. ತಳದ ಹಲಗೆ ಒಂದು ಕಡೆ ಕಳಚಿಕೊಂಡು, ಒಂದು ಸಾಲಿನ ಕಲ್ಲೆಲ್ಲ ನೆಲಕ್ಕೆ ಬಿತ್ತು.

ಎಲ್ಲ ತುಂಡನ್ನೂ ಅಂಚಿಗೆ ಅಂಚು ಹೊಂದಿಸಿ ಜೋಡಿಸಿದರು. ಒಂದೇ ಒಂದು ಗೇಣುದ್ದದ ತುಂಡು ಮಾತ್ರ ಉಳಿಯಿತು. ಅದರ ಎರಡೂ ತುದಿ ಪುಡಿಯಾಗಿತ್ತು, ಗೆರೆ ಪೂರ್ತಿ ಅಳಿಸಿತ್ತು. ಹೀಗಿಟ್ಟರೂ ಕೂರುತ್ತಿತ್ತು, ಹಾಗಿಟ್ಟರೂ ಕೂರುತ್ತಿತ್ತು. ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದರಂತೆ. ಹಳದಿ ಸೀಮೆಸುಣ್ಣ ಜೇಬಿನಲ್ಲೇ ಇತ್ತು. ಅಷ್ಟರಲ್ಲಿ ಗೇಟಿನಲ್ಲಿ ವ್ಯಾನಿನ ಸದ್ದು. ಇಡೀ ಕೋಲಿನಲ್ಲಿ ಎಲ್ಲರೂ ಬಗ್ಗಿ ನೋಡುವ ಜಾಗಕ್ಕೇ ಹಳದಿ ಗುರುತು ಹಾಕಿದರೆ ಗೆರೆಯಪ್ಪನ ಮರ್ಯಾದೆ ಏನಾಗಬೇಕು? ಪೆನ್ನು ತೆಗೆದು ಕೆಂಪು ಗೆರೆ ಎಳೆದರು, ಪಕ್ಕದಲ್ಲಿ ಕಪ್ಪು ಎಳೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗೊತ್ತಿಲ್ಲದೆ ಎಳೆದ ಗೆರೆ.

ತುಂಡು ತಲೆಕೆಳಗಾಗಿತ್ತು. ಸರಿಯಾಗಿಟ್ಟಿದ್ದರೆ ಅದರ ಕೆಳಗಿನ ಅರ್ಧದಲ್ಲಿ ಆ ಚಿಪ್ಪು ಇರುತ್ತಿರಲಿಲ್ಲ, ಮೇಲಿನ ಅರ್ಧದಿಂದ ಶುರುವಾಗಿ ಮುಂದೆಲ್ಲ ಇರುತ್ತಿತ್ತು. ಗಡಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಈಗ ಎರಡು ಬೆರಳಿನಷ್ಟು ಅಂತರಕ್ಕೊಂದು ಚೂರು ತೆಗೆದು, ಪುಡಿಮಾಡಿ, ತೊಳೆದು ಎಣಿಸಿದಾಗ ಚಿಪ್ಪು ಕಾಣಿಸಿಕೊಂಡು, ಮಾಯವಾಗಿ, ಮತ್ತೆ ಕಾಣಿಸಿಕೊಂಡಿತು. ಹುಟ್ಟಿದ ಜೀವಿ ಮಧ್ಯೆ ಎಲ್ಲಿಗೆ ಹೋಗಿತ್ತು? ಸಮುದ್ರದ ತಳದ ಕೆಸರು ಆಗಲೇ ಜಾರಿ ಪದರ ಕಲಸಿಹೋಗಿದೆ, ಇಂಥ ಜಾಗದಲ್ಲಿ ಮೊಳೆ ಹೊಡೆಯುವಂತಿಲ್ಲ ಎಂದು ಎದುರು ಪಕ್ಷದವರು ಹಿಡಿದುಕೊಂಡರು. ಮೇಡಂ ಮುಖ ದಿನದಿಂದ ದಿನಕ್ಕೆ ಇಳಿಯುತ್ತಿದ್ದದ್ದನ್ನು ನಾವೆಲ್ಲ ನೋಡಿದೆವು. ಗುಣಿಸಿ ಭಾಗಿಸಿ ನೋಡಿದರೂ ಆಕೆಗೆ ಕಾರಣ ಹೊಳೆಯಲಿಲ್ಲ.

ಮತದಾನಕ್ಕೆ ತಿಂಗಳಿದೆ ಎನ್ನುವಾಗ ಸಮಿತಿಯ ಹಿರಿಯರೊಬ್ಬರಿಂದ ಪತ್ರ ಬಂತು. ಆ ಮನುಷ್ಯ ಮೇಡಂ ಪರವಾಗಿದ್ದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಹದಿನೇಳನೇ ಪೆಟ್ಟಿಗೆಯ ಆ ಗೇಣುದ್ದದ ತುಂಡು ತಲೆಕೆಳಗಾಗಿ ಇಟ್ಟದ್ದಿರಬಹುದೇ? ಹಾಗಿದ್ದರೆ ತಕರಾರೆಲ್ಲ ತೀರಿತು, ಜಾಗ ನಿಮ್ಮದೇ. ಮೇಡಂ ನನ್ನನ್ನು ಕರೆದು ಉತ್ತರ ಬರೆಸಿದರು. ನನಗೆ ಅದರ ಒಂದೊಂದು ಅಕ್ಷರವೂ ನೆನಪಿದೆ: “ನಮ್ಮ ಶೆಡ್ಡಿನಲ್ಲಿ ದಿಕ್ಕು ಗುರುತಿಸುವವರ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದು ತಪ್ಪೂ ಕಂಡುಬಂದಿಲ್ಲ. ಆದ್ದರಿಂದ ಆ ಸಾಧ್ಯತೆಯನ್ನು ಕೈಬಿಡಬಹುದು.” ಭಾವನನ್ನು ಕರೆದು ಒಂದು ಮಾತು ಕೇಳೋಣ ಎಂದೂ ಆಕೆಗೆ ಅನ್ನಿಸಲಿಲ್ಲ. ನಂಬಿಕೆ ಅಷ್ಟಿತ್ತು. ಸಹಿ ಹಾಕಿದ ಪತ್ರವನ್ನು ಲಕೋಟೆಗೆ ಸೇರಿಸಿ ನನ್ನ ಮೇಜಿನ ಮೇಲಿಟ್ಟುಕೊಂಡೆ, ಅಂದಿನ ಟಪಾಲು ಹೋಗಿಯಾಗಿತ್ತು.

ಸಂಜೆ ಮನೆಗೆ ಬಂದು ಇದನ್ನೊಂದು ದೊಡ್ಡ ತಮಾಷೆಯೆಂಬಂತೆ ಹೇಳಿದೆ. ಯಾರೋ ಮುದುಕಪ್ಪ ನಿಮ್ಮ ಗೆರೆಗೇ ಹೆಸರಿಟ್ಟಿದ್ದಾನೆ ಭಾವ, ಮೇಡಂ ಸರಿಯಾಗಿ ಮಂಗಳಾರತಿ ಮಾಡಿದ್ದಾರೆ ಎಂದೆ. ಅವರು ನಗಲಿಲ್ಲ. ಅಕ್ಕ ಒಳಗೆ ಒಲೆಯ ಮುಂದಿದ್ದಳು. ಭಾವ ಎದ್ದು ಹೋಗಿ ನಡುವಿನ ಬಾಗಿಲು ಎಳೆದುಕೊಂಡು ಬಂದು ಕೂತು, ಪೆಟ್ಟಿಗೆ ಬಿದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಚಿಪ್ಪು ಮಾಯವಾದ ಸುದ್ದಿ ಕೇಳಿದಾಗಲೇ ಅವರಿಗೆ ಅನುಮಾನ ಬಂದಿತ್ತಂತೆ. ಹೇಳಬೇಕು ಹೇಳಬೇಕು ಎಂದುಕೊಂಡು ಮೂರು ತಿಂಗಳಿಂದ ನಿದ್ದೆ ಸರಿಯಾಗಿ ಮಾಡಿರಲಿಲ್ಲವಂತೆ.

“ಪತ್ರ ತಡೆದಿಡು. ನಾಳೆ ಶೆಡ್ಡಿನ ಬೀಗ ತೆಗೆದು ಹತ್ತು ಗಂಟೆಗೆ ಬಂದು ಮೇಡಂಗೆ ನಾನೇ ಹೇಳ್ತೀನಿ,” ಎಂದರು.

ನಾನು ಏನು ಹೇಳಿದೆ ಎಂಬುದನ್ನು ಮರೆಯೋಣವೆಂದರೆ ಮರೆಯಲಾಗುವುದಿಲ್ಲ. “ಹತ್ತು ಕೋಟಿ ವರ್ಷದ ಕಲ್ಲು ಭಾವ. ಒಂದು ಗೇಣು ಆ ಕಡೆ ಈ ಕಡೆ ಆದ್ರೆ ಯಾರ ಗಂಟು ಮುಳುಗುತ್ತೆ? ಇಪ್ಪತ್ತೆರಡು ವರ್ಷ ಗಳಿಸಿದ ಹೆಸರನ್ನ ಒಂದೇ ದಿನ ನೀರಿಗೆ ಹಾಕ್ತೀರಾ?” ಇಷ್ಟಕ್ಕೇ ನಿಲ್ಲಿಸಲಿಲ್ಲ. ನಾನು ಅವರ ಕಡೆಯವಳೆಂದೇ ಕಚೇರಿಯಲ್ಲಿ ತಲೆಯೆತ್ತಿಕೊಂಡು ಓಡಾಡುವವಳು, ನನ್ನ ಗತಿಯೇನು ಎಂದೂ ಕೇಳಿದೆ. ಭಾವ ಹತ್ತು ಗಂಟೆಗೆ ಬರ್ತೀನಿ ಎಂದು ಇನ್ನೊಮ್ಮೆ ಅಂದರು, ಅಷ್ಟೇ.

ಮರುದಿನ ನಾನು ಒಂಬತ್ತಕ್ಕೇ ಕಚೇರಿಗೆ ಹೋಗಿ ಲಕೋಟೆಯನ್ನು ಟಪಾಲು ಚೀಲಕ್ಕೆ ಹಾಕಿದೆ. ಹತ್ತಕ್ಕೆ ಸರಿಯಾಗಿ ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಕೂತು ಏನೋ ಬರೆಯುತ್ತಿದ್ದರು. ನಾನು ಎದ್ದು ಮುಂದೆ ಹೋಗಿ ಭಾವನನ್ನು ಕಾರಿಡಾರಿನಲ್ಲೇ ತಡೆದೆ. ಪಿಸುದನಿಯಲ್ಲಿ, ಪತ್ರ ಆಗಲೇ ಹೊರಟುಹೋಯಿತು ಎಂದೆ. ಮೇಡಂ ಸಹಿ ಹಾಕಿ ತಪ್ಪಿಲ್ಲ ಎಂದು ಬರೆದುಕೊಟ್ಟಿದ್ದಾರೆ, ಈಗ ನೀವು ಬಾಯಿಬಿಟ್ಟರೆ ಹತ್ತು ದೇಶದವರ ಮುಂದೆ ಆಕೆಯನ್ನೇ ಸುಳ್ಳಿ ಮಾಡಿದ ಹಾಗೆ ಎಂದೆ.

ಪತ್ರ ಹೊರಟಿರಲಿಲ್ಲ. ಚೀಲ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು. ಟಪಾಲಿನವನು ಅದನ್ನು ಒಯ್ಯುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಭಾವನಿಗೆ ಕಚೇರಿಯ ಈ ಕಡೆಯ ವ್ಯವಹಾರ ಗೊತ್ತಿರಲಿಲ್ಲ, ನನ್ನ ಮಾತು ನಂಬಿದರು. ಸ್ವಲ್ಪ ಹೊತ್ತು ಆ ತೆರೆದ ಬಾಗಿಲನ್ನು ನೋಡುತ್ತಾ ನಿಂತು, ತಿರುಗಿ ಶೆಡ್ಡಿಗೆ ಹೋದರು. ನಾನು ನಾಲ್ಕು ಗಂಟೆಯವರೆಗೆ ಆ ಚೀಲದ ಪಕ್ಕ ಕೂತು ಟೈಪ್ ಮಾಡಿದೆ. ಆರು ಗಂಟೆ ಕಾಲ, ಕೈ ಹಾಕಿ ತೆಗೆದುಬಿಡಬಹುದಾಗಿತ್ತು.

ಮತದಾನದಲ್ಲಿ ಸೋತೆವು. ಮೊಳೆ ಇನ್ನೊಂದು ದೇಶದ ಬಂಡೆಗೆ ಬಿತ್ತು. ಒಮ್ಮೆ ಮೊಳೆ ಬಿದ್ದರೆ ಹತ್ತು ವರ್ಷ ಆ ವಿಚಾರ ಮತ್ತೆ ಎತ್ತುವ ಹಾಗಿಲ್ಲ ಎಂಬುದು ಅವರ ಕಟ್ಟಳೆ. ಮೇಡಂ ಅಳಲಿಲ್ಲ, ರೇಗಲಿಲ್ಲ. ಗೋಡೆಯ ಮೇಲಿದ್ದ ಕೊರಕಲಿನ ನಕ್ಷೆಯನ್ನು ತಾವೇ ಇಳಿಸಿ, ಸುತ್ತಿ, ಬೀರುವಿನ ತಲೆಯ ಮೇಲಿಟ್ಟರು. ಶೆಡ್ಡಿಗೆ ಹೋಗಿ ಭಾವನಿಗೂ ಸುದ್ದಿ ಹೇಳಿ, ನೀವು ಇಷ್ಟೆಲ್ಲ ಕಷ್ಟಪಟ್ಟಿರಿ, ದಂಡವಾಯಿತು ಎಂದರಂತೆ. ಸೋತ ಹೆಂಗಸು ಬಂದು ತನ್ನನ್ನೇ ಸಮಾಧಾನ ಮಾಡಿದ್ದನ್ನು ಭಾವ ನನಗೆ ಎರಡೆರಡು ಸಲ ಹೇಳಿದರು.

ಅದಾದ ಮೇಲೆ ಅವರು ಹದಿನೇಳನೇ ಪೆಟ್ಟಿಗೆಯನ್ನು ತಮ್ಮ ಮೇಜಿನ ಪಕ್ಕದ ಕೆಳಗಿನ ರ‍್ಯಾಕಿಗೆ ತಂದಿಟ್ಟುಕೊಂಡರು. ಅದರ ಧೂಳು ಒರೆಸಲು ಬೇರೆಯವರನ್ನು ಬಿಡುತ್ತಿರಲಿಲ್ಲ. “ನಾನಾಗಿ ಹೋಗಿ ಹೇಳೋ ಧೈರ್ಯ ಆವತ್ತೇ ಹೋಯ್ತು. ಮೇಡಂ ಆ ಪೆಟ್ಟಿಗೆ ತೆಗೀರಿ ಅಂತ ಒಂದು ಸಲ ಕೇಳಲಿ, ಆ ಕ್ಷಣವೇ ಹೇಳಿಬಿಡ್ತೀನಿ,” ಎಂದು ನನಗೆ ಹೇಳಿದ್ದರು. ಮೇಡಂ ಕೇಳದೆ ಇರುತ್ತಾರೆಯೇ, ಚಿಪ್ಪು ಮಾಯವಾದ ಕಾರಣ ಹುಡುಕಲು ಇಂದಲ್ಲ ನಾಳೆ ಕೇಳೇ ಕೇಳುತ್ತಾರೆ ಎಂಬುದು ಅವರ ಎಣಿಕೆ. ಬೇರೆ ಪೆಟ್ಟಿಗೆಗಳಿಗಾಗಿ ಮೇಡಂ ವಾರಕ್ಕೆ ಎರಡು ಸಲ ಶೆಡ್ಡಿಗೆ ಬರುತ್ತಿದ್ದರು. ಅದನ್ನು ಮಾತ್ರ ಕೇಳಲಿಲ್ಲ. ಕಚೇರಿಯಿಂದ ಒಟ್ಟಿಗೆ ನಡೆದು ಬರುವಾಗ ಭಾವ ಆಗಾಗ ಹೇಳುತ್ತಿದ್ದರು, ಇವತ್ತೂ ಕೇಳಲಿಲ್ಲ ಎಂದು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಗಿದ್ದಾಯಿತು, ಅದನ್ನೇ ಎಷ್ಟು ಸಲ ಕೆದಕುತ್ತೀರಿ ಎಂದು ಸಿಡುಕುತ್ತಿದ್ದೆ. ಆಮೇಲಾಮೇಲೆ ಸಿಟ್ಟೂ ಬರಲಿಲ್ಲ, ದಾರಿಯುದ್ದಕ್ಕೂ ಸುಮ್ಮನೆ ಬರುತ್ತಿದ್ದೆ.

ಕೆಲಸದಲ್ಲಿ ಅವರು ಬೇರೆಯೇ ಮನುಷ್ಯರಾದರು. ಒಂದು ಚೂರು ಅನುಮಾನ ಬಂದರೂ ಹಳದಿ ಗುರುತು. ಅಂಚಿಗೆ ಅಂಚು ಕಚ್ಚಿಕೊಂಡು ಕೂತ ತುಂಡಿಗೂ ಹಳದಿ. ಪೆಟ್ಟಿಗೆ ತೆರೆದರೆ ಅರಿಸಿನ ಚೆಲ್ಲಿದ ಹಾಗಿರುತ್ತಿತ್ತು. ಗೆರೆಯಪ್ಪ ಹೋಗಿ ಹಳದಿಯಪ್ಪ ಎಂಬ ಹೆಸರು ಬಂತು, ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದು ಹುಡುಗರು ಆಡಿಕೊಂಡರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಅವರ ಪರವಾಗಿ ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ.

ಏಳನೇ ವರ್ಷ ಮೇಡಂ ನಿವೃತ್ತರಾದರು. ಕೊನೆಯ ದಿನ ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ, ಭಾವನ ಮೇಜಿನ ಹತ್ತಿರ ಬಂದು, ಹದಿನೇಳನೇ ಪೆಟ್ಟಿಗೆಯ ಮುಂದೆಯೇ ನಿಂತರಂತೆ. ಅದರ ಮೇಲಿನ ಸಂಖ್ಯೆಯನ್ನು ಓದಿದ್ದು ಭಾವನಿಗೆ ಕಂಡಿತು. ಮೇಡಂ ಮುಖ ಬೇರೆ ಕಡೆ ತಿರುಗಿಸಿ, ಎಲ್ಲ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಹೊರಟುಹೋದರು. ಅಂದು ಸಂಜೆ ದಾರಿಯಲ್ಲಿ ಭಾವ ಇಷ್ಟನ್ನೂ ಹೇಳಿ, ಮುಗೀತು ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಎರಡು ವರ್ಷಕ್ಕೆ ಅವರೂ ನಿವೃತ್ತರಾದರು, ಮತ್ತೆ ಮೂರು ವರ್ಷಕ್ಕೆ ಒಂದು ಬೆಳಿಗ್ಗೆ ಪೇಪರು ಓದುತ್ತಾ ಓದುತ್ತಾ ಹೋಗಿಬಿಟ್ಟರು. ಹೋದ ಎರಡು ವಾರಕ್ಕೆ ಬೇರೆ ಊರಿನಿಂದ ಬಸ್ಸು ಹತ್ತಿ ಮೇಡಂ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೆಟ್ಟಿಲು ಹತ್ತಲು ಕೈ ಕೊಡಬೇಕಾಯಿತು. ಅಕ್ಕ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಮುಂದಿನ ಕೋಣೆಯಲ್ಲಿ ನಾವಿಬ್ಬರೇ ಕೂತೆವು. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ನಿಮಗೊಬ್ಬರಿಗೆ ಹೇಳಿಬಿಡುತ್ತೇನೆ, ಅವರ ಹೆಂಡತಿಗೆ ಹೇಳಬೇಡಿ ಎಂದು ಶುರುಮಾಡಿದರು.

ಸೋತ ಮೇಲೆ ಎರಡು ವರ್ಷ ಆ ಕಲ್ಲಿನ ಕಡೆ ನೋಡುವ ಮನಸ್ಸೇ ಬಂದಿರಲಿಲ್ಲವಂತೆ. ಮತದಾನವಾಗಿ ಮೂರನೇ ವರ್ಷ ಹಳೆಯ ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರಂತೆ. ಆ ಗೇಣುದ್ದದ ತುಂಡಿನಿಂದ ಹಾಳೆಗಿಂತ ತೆಳ್ಳಗೆ ಅರೆದು ಅಂಟಿಸಿದ ಒಂದು ಪಟ್ಟಿ ಕೈಗೆ ಸಿಕ್ಕಿತು. ಬಟ್ಟಲಿನಂಥ ಚಿಪ್ಪುಗಳು ಸಮುದ್ರದ ತಳದಲ್ಲಿ ಹೆಚ್ಚಾಗಿ ಬೋರಲಾಗಿ ಕೂರುತ್ತವೆ. ಅದರಲ್ಲಿ ಎಲ್ಲ ಬಾಯಿ ಮೇಲೆ ಮಾಡಿಕೊಂಡಿದ್ದವು. ನೋಡಿದ ಕೂಡಲೇ ಕಲ್ಲು ತಲೆಕೆಳಗಾಗಿದೆ ಎಂದು ಗೊತ್ತಾಯಿತು.

“ಬರೀಬಹುದಿತ್ತು,” ಎಂದರು ಮೇಡಂ. “ಆದ್ರೆ ಸೋತ ಮೇಲೆ ತನಗೆ ಬೇಕಾದ ಹಾಗೆ ಕಲ್ಲು ತಿರುಗಿಸ್ಕೊಂಡಳು ಅಂತಾರೆ. ಮತ್ತೆ, ಬರೆದ್ರೆ ಅವರ ಗೆರೆ ತಪ್ಪು ಅಂತ ಬರೀಬೇಕು. ಅವರಿಗೆ ಗೊತ್ತಿಲ್ಲದೆ ಆಗಿದ್ದು, ಗೊತ್ತಾದ್ರೆ ಕುಗ್ಗಿಹೋಗ್ತಾರೆ ಅನ್ನಿಸ್ತು. ಅದಕ್ಕೇ ಆ ಪೆಟ್ಟಿಗೆ ಹೆಸರೇ ಎತ್ತಲಿಲ್ಲ ನಾನು.”

ಒಬ್ಬರು ಕೇಳಲಿ ಎಂದು ಕಾಯುತ್ತಿದ್ದರು, ಇನ್ನೊಬ್ಬರು ನೋಯಬಾರದೆಂದು ಕೇಳದೆ ಇದ್ದರು. ವಾರಕ್ಕೆರಡು ಸಲ ಎದುರಾಬದುರು ನಿಂತು, ಅದೇ ಒಂದು ತುಂಡು ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು, ಬೇರೆ ಏನೇನೋ ಮಾತಾಡಿ ಹೋಗುತ್ತಿದ್ದರು. ನಡುವೆ ಆ ಬಾಗಿಲು ಹಾಕಿದವಳು ನಾನು. ಮೇಡಂಗೆ ಎಲ್ಲ ಹೇಳಿದೆ. ಪೆಟ್ಟಿಗೆ ಬಿದ್ದದ್ದು, ಭಾವನಿಗೆ ಗೊತ್ತಿದ್ದದ್ದು, ಹತ್ತು ಗಂಟೆಗೆ ಬಂದದ್ದು, ನಾನು ಹೇಳಿದ ಸುಳ್ಳು, ನಾಲ್ಕು ಗಂಟೆಯವರೆಗೆ ಪಕ್ಕದಲ್ಲೇ ಇದ್ದ ಚೀಲ. ಮೇಡಂ ಕೊನೆಗೆ, ಅವರು ಬಂದಿದ್ದು ನಿಜವೇ ಎಂದು ಎರಡು ಸಲ ಕೇಳಿದರು. ನಿಜ ಎಂದೆ. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಆಮೇಲೆ ಎದ್ದು ಒಳಗೆ ಅಕ್ಕನ ಹತ್ತಿರ ಹೋದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕನ ಕೈ ಹಿಡಿದುಕೊಂಡು ಮೇಡಂ ಹೇಳಿದರು: “ನಿಮ್ಮ ಯಜಮಾನರು ಒಂದು ಕಲ್ಲಿನ ವಿಷಯ ಹೇಳೋಕೆ ಒಂದಿನ ಬೆಳಿಗ್ಗೆ ನನ್ನ ಹತ್ತಿರ ಬಂದಿದ್ರಂತೆ. ದೊಡ್ಡ ಮನಸ್ಸು. ನಾನು ಆಗ ಕೋಣೇಲಿ ಇರಲಿಲ್ಲ.”

ನನ್ನನ್ನು ಉಳಿಸಲು ಆಡಿದ ಮಾತು ಅದು. ಸುಮ್ಮನಿದ್ದಿದ್ದರೆ ಉಳಿದುಬಿಡುತ್ತಿದ್ದೆ. ಇದುವರೆಗೂ ಉಳಿದಿದ್ದು ಹಾಗೆಯೇ ತಾನೆ.

“ಮೇಡಂ ಇದ್ರು ಅಕ್ಕ,” ಎಂದೆ. “ಭಾವನ್ನ ಬಾಗಿಲಿಂದ ವಾಪಸ್ ಕಳಿಸಿದ್ದು ನಾನು. ಸುಳ್ಳು ಹೇಳಿ ಕಳಿಸಿದೆ.” ನಿಂತಲ್ಲೇ ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ನಾಚಿಕೆಯಾಯಿತು, ಅಳು ಬಂತು, ಆದರೂ ಹೇಳಿ ಮುಗಿಸಿದೆ.

ಅಕ್ಕ ದಿಂಬಿಗೆ ಒರಗಿ ಕೂತಳು. ಕಲ್ಲಿನದು, ಮೊಳೆಯದು ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅದು ಯಾವ ದಿನ ಎಂದು ಮಾತ್ರ ಕೇಳಿದಳು. ಭಾವ ಕೆಲಸದ ದಿನ ಇಸ್ತ್ರಿ ಮಾಡಿಸಿಕೊಂಡು ಬಿಳಿ ಅಂಗಿ ಹಾಕಿಕೊಂಡು ಹೋದ ದಿನ ಎಂದೆ. ಅವಳು ತಲೆಯಾಡಿಸಿದಳು.

“ಆವತ್ತು ಊಟದ ಡಬ್ಬಿ ಮುಚ್ಚಳ ತೆಗೀದೇ ವಾಪಸ್ ತಂದಿದ್ರು,” ಎಂದಳು. “ಯಾಕೆ, ಉಪ್ಪು ಜಾಸ್ತಿ ಆಗಿತ್ತಾ ಅಂತ ಕೇಳಿದೆ. ಹೂಂ ಅಂದ್ರು. ಅಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಅವರು ಹೆಸರಿಟ್ಟಿದ್ದು ಅದೊಂದೇ ಸಲ. ಆವತ್ತಿಂದ ನಾನು ಉಪ್ಪು ಕಮ್ಮಿ ಹಾಕ್ತಾ ಬಂದೆ.”